ಒಂದು ಹೊರಸು, ಎರಡು ನಿದ್ದೆ

ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಹನ್ನೊಂದು ಗಂಟೆಯ ಬಿಸಿಲು ಅಂಗಳಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಬಿದ್ದು, ಕಲ್ಲಿನ ಬೂದು ಬಣ್ಣ ನಿಧಾನವಾಗಿ ನೀಲಿಗೆ ತಿರುಗುವ ಹೊತ್ತಿಗೆ ಒಳಗಿನ ಖೋಲಿಗಳಲ್ಲಿ ಯಾರಾದರೊಬ್ಬರು ಗಾಢ ನಿದ್ದೆಯಲ್ಲಿರುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ಬಾಡಿಗೆಯವರು ಅವರು. ಅವ್ವ ಚಹಾದ ಲೋಟವನ್ನು ಕಲ್ಲಿನ ಮೇಲೆ ಇಡುವ ಮೊದಲು ಕೆಳಗೆ ಸೆರಗಿನ ಚುಂಗು ಇಡುತ್ತಿದ್ದಳು. ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸುತ್ತಿದ್ದಳು. ಮೆಂತೆ ಪಲ್ಯದ ಸೊಪ್ಪು ಮಾರುವ ಹೆಂಗಸು ಕೂಡ ಓಣಿಯ ತುಂಬ ಕೂಗುತ್ತ ಬಂದು, ನಮ್ಮ ಬಾಗಿಲ ಮುಂದೆ ಮಾತ್ರ ದನಿ ಇಳಿಸಿ, ಮುಂದಿನ ಮನೆಯಿಂದ ಮತ್ತೆ ಏರಿಸುತ್ತಿದ್ದಳು.

ನಮ್ಮದು ವಾಡಿ. ರೈಲು ಕೂಡುವ ಊರು. ದಿನವಿಡೀ ಗಾಡಿಗಳು ಬರುತ್ತವೆ, ನಿಲ್ಲುತ್ತವೆ, ದಿಕ್ಕು ಬದಲಿಸಿ ಹೋಗುತ್ತವೆ. ಅಷ್ಟು ಸದ್ದಿಗೆ ಏಳದ ಮನುಷ್ಯ ನನ್ನ ಒಂದು ಮಾತಿಗೆ ಏಳುತ್ತಾನೆಯೇ ಎಂದು ಚಿಕ್ಕವಳಿದ್ದಾಗ ಅವ್ವನ ಜೊತೆ ಜಗಳ ತೆಗೆಯುತ್ತಿದ್ದೆ.

"ರೈಲು ತನ್ನ ಕೆಲಸಕ್ಕ ಕೂಗ್ತದ. ನೀ ಸುಮ್‌ಸುಮ್ನ ಕೂಗ್ತಿ," ಎನ್ನುತ್ತಿದ್ದಳು ಅವ್ವ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅಂಥವಳು ಪಿಸುಮಾತಿನ ಮನೆಯಲ್ಲಿ ಬೆಳೆದದ್ದು ಒಂದು ತಮಾಷೆ. ಪಿಸುಮಾತಿನಲ್ಲಿ ಬೈಯುವುದನ್ನು ಅಲ್ಲಿಯೇ ಕಲಿತೆ. ಮುಂದೆ ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ, ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತ ವರ್ಷಗಳನ್ನು ಕಳೆದೆ. ಅಲ್ಲಿಯೂ ನನ್ನ ಸಿಟ್ಟು ಸಣ್ಣ ದನಿಯದೇ ಆಗಿತ್ತು. ಸಣ್ಣ ದನಿಯ ಸಿಟ್ಟಿಗೆ ಜನ ಹೆಚ್ಚು ಹೆದರುತ್ತಾರೆ ಎಂಬುದು ನನ್ನ ಅನುಭವ.

ಅಪ್ಪ ಕಟ್ಟಿಸಿದ ನಾಲ್ಕು ಖೋಲಿಗಳು ಅಂಗಳದ ಸುತ್ತ ಇವೆ. ನೆಲ ಪರಸಿ, ಗೋಡೆ ಪರಸಿ, ಗೋಡೆಯೊಳಗೆ ಸೇರಿಸಿದ ಹಲಗೆಯೂ ಪರಸಿ. ಒಂದೊಂದರಲ್ಲಿ ಎರಡೆರಡು ಹೊರಸು, ನವಾರದ ಪಟ್ಟಿ ಹೆಣೆದ ಮಂಚಗಳು. ಒಂದು ಕಾಲಕ್ಕೆ ಎಂಟು ಹೊರಸಿಗೆ ಹದಿನಾರು ಮಂದಿ ಇದ್ದರು. ಹಗಲು ಪಾಳಿಯವನು ಎದ್ದು ಹೋದರೆ ರಾತ್ರಿ ಪಾಳಿಯವನು ಬಂದು ಮಲಗುವನು. ಗಾದಿ ಒಂದೇ, ಹೊದಿಕೆ ಬೇರೆ ಬೇರೆ. ಇದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ. ಗಣಿ ಮತ್ತು ಕಾರ್ಖಾನೆಗಳ ಸೀಮೆಯಲ್ಲಿ ಮನುಷ್ಯರು ಪಾಳಿಯ ಮೇಲೆ ಏಳುವಾಗ ಹೊರಸುಗಳೂ ಪಾಳಿಯ ಮೇಲೆ ದುಡಿಯುತ್ತಿದ್ದವು. ಬರಬರುತ್ತ ಮಂದಿ ಕಡಿಮೆಯಾಗಿ, ನಾನು ನಿವೃತ್ತಳಾಗಿ ಮನೆಯಲ್ಲೇ ಉಳಿಯುವ ಹೊತ್ತಿಗೆ ಜೋಡಿ ಉಳಿದದ್ದು ಒಂದೇ ಹೊರಸಿಗೆ. ಮೂರನೇ ಖೋಲಿಯ ಮೂಲೆಯ ಹೊರಸು ಅದು.

ಅದರ ಮೇಲೆ ಹಗಲು ಮಲಗುತ್ತಿದ್ದವರು ಗಣಿಯೊಂದರ ರಾತ್ರಿ ಕಾವಲುಗಾರರು. ಚಿಂಚೋಳಿ ಕಡೆಯ ಐನಾಪುರದವರು. ಐವತ್ತು ದಾಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ಕಾಳಗಿಯ ಬಸ್ಸು ಹಿಡಿದು ಇತ್ತ ಬಂದವರು ಹನ್ನೊಂದು ವರ್ಷದಿಂದ ನಮ್ಮಲ್ಲೇ ಇದ್ದರು. ಅದೇ ಹೊರಸಿನ ಮೇಲೆ ರಾತ್ರಿ ಮಲಗುತ್ತಿದ್ದವರು ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಜಾಗದಲ್ಲಿ ದುಡಿಯುವವರು. ವಯಸ್ಸಿನಲ್ಲಿ ಹತ್ತು ವರ್ಷ ಸಣ್ಣವರು. ಅವರೂ ಬಂದದ್ದು ಅದೇ ವರ್ಷ. ಅವ್ವ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಬ್ಬರು ಕಾವಲಿನವರು, ಇನ್ನೊಬ್ಬರು ಪಾಲಿಶಿನವರು. ನಾನೂ ಹಾಗೆಯೇ ಬರೆಯುತ್ತೇನೆ.

ಇಬ್ಬರೂ ದಿನಕ್ಕೆ ಎರಡು ಸಲ ನಮ್ಮ ತಲಬಾಗಿಲಲ್ಲಿ ಎದುರಾಗುತ್ತಿದ್ದರು. ಬೆಳಗ್ಗೆ ಒಬ್ಬರು "ಬಂದ್ರ್ಯಾ?" ಎಂದರೆ ಇನ್ನೊಬ್ಬರು "ಹೊಂಟ್ರ್ಯಾ?" ಎನ್ನುವರು. ಸಂಜೆ ಅದೇ ಎರಡು ಮಾತು ಅದಲುಬದಲಾಗುತ್ತಿದ್ದವು. ಹನ್ನೊಂದು ವರ್ಷದ ಗೆಳೆತನದಲ್ಲಿ ನಾನು ಕಿವಿಯಾರೆ ಕೇಳಿದ ಸಂಭಾಷಣೆ ಇಷ್ಟೇ. ಉಳಿದದ್ದೆಲ್ಲ ಗೋಡೆಯ ಹಲಗೆಯ ಮೇಲೆ ನಡೆಯುತ್ತಿತ್ತು. ಪಾಲಿಶಿನವರು ಅರ್ಧ ಪೊಟ್ಟಣ ಹುರಿದ ಶೇಂಗಾ ಇಟ್ಟು ಹೋದರೆ, ಸಂಜೆ ಅದರ ಜಾಗದಲ್ಲಿ ಹರಿದ ಉಂಗುಷ್ಟ ಹೊಲಿದಿಟ್ಟ ಅವರದೇ ಚಪ್ಪಲಿ ಇರುತ್ತಿತ್ತು. ಒಮ್ಮೆ ಪಾಲಿಶಿನವರು ಜ್ವರ ಬಂದು ಕೆಲಸಕ್ಕೆ ಹೋಗದೆ ಮಲಗಿಬಿಟ್ಟರು. ಕಾವಲಿನವರು ಬಂದು ನೋಡಿ ಅಂಗಳದ ಬೇವಿನ ನೆರಳಲ್ಲಿ ಟವೆಲ್ ಹಾಸಿಕೊಂಡು ನಾಲ್ಕು ದಿನ ಅಲ್ಲೇ ಮಲಗಿದರು. ನೆರಳು ಸರಿದಂತೆ ಅವರೂ ನಿದ್ದೆಯಲ್ಲೇ ಸರಿಯುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುತ್ತ ಎಷ್ಟೋ ಹೊತ್ತು ಕೈಯಲ್ಲಿನ ಕೆಲಸ ಮರೆತು ನಿಂತಿದ್ದೆ. ಆ ದಿನಗಳು ನನಗೆ ನಿಜವಾಗಿ ನಡೆದವೋ ಇಲ್ಲವೋ ಎನ್ನುವ ಹಾಗೆ ನೆನಪಿವೆ.

ಇಂಥ ಮನೆಗೆ ಒಂದು ದಿನ ಪುರಸಭೆಯ ನೋಟೀಸು ಬಂತು. ಬಾಡಿಗೆಗೆ ಮನೆ ಕೊಡುವವರು, ಒಂದೇ ಖೋಲಿಯಲ್ಲಿ ಹಲವರನ್ನು ಇಟ್ಟುಕೊಳ್ಳುವವರು ಇನ್ನು ಮುಂದೆ ಪರವಾನಗಿ ಪಡೆಯಬೇಕು. ಖೋಲಿಯ ಅಳತೆಗೆ ತಕ್ಕಷ್ಟೇ ಮಂದಿ ಇರಬೇಕು. ಗಾಳಿ ಬೆಳಕು ಇರಬೇಕು. ಸಂಡಾಸು, ಬಚ್ಚಲು ಇಂತಿಷ್ಟು ಮಂದಿಗೆ ಇಂತಿಷ್ಟು ಇರಬೇಕು. ಇರುವವರ ಹೆಸರು, ಆಧಾರ್ ಝೆರಾಕ್ಸ್, ಫೋಟೋ ಕೊಡಬೇಕು. ಒಬ್ಬರಿಗೆ ಒಂದು ಮಂಚ ಇರಬೇಕು. ಪಟ್ಟಿಯಲ್ಲಿರುವವರನ್ನು ಬಿಟ್ಟು ಬೇರೆ ಯಾರೂ ಇಲ್ಲಿ ವಾಸವಿಲ್ಲ, ಹಿಂದೆಯೂ ಇರಲಿಲ್ಲ ಎಂದು ಮಾಲೀಕರು ಮುಚ್ಚಳಿಕೆ ಬರೆದು ಸಹಿ ಮಾಡಬೇಕು.

ಓಣಿಯ ಉಳಿದ ಮಾಲೀಕರು ತಲೆಯ ಮೇಲೆ ಕೈಹೊತ್ತು ಕುಳಿತರು. ನಾನು ಮಾತ್ರ ಕನ್ನಡಕ ಒರೆಸಿ ಹಾಕಿಕೊಂಡೆ. ಸುಳ್ಳೇಕೆ ಹೇಳಲಿ, ನನಗೆ ಖುಷಿಯೇ ಆಗಿತ್ತು. ನಿವೃತ್ತಿಯಾದ ಮೇಲೆ ಕೈಗೆ ಒಂದು ಒಳ್ಳೆಯ ಅರ್ಜಿ ಸಿಕ್ಕಿರಲಿಲ್ಲ. ನಿಯಮಗಳು ಕೆಟ್ಟವು ಎಂದೂ ನಾನು ಹೇಳುವುದಿಲ್ಲ. ಕಿಟಕಿಯಿಲ್ಲದ ಗೂಡುಗಳಲ್ಲಿ ಹತ್ತು ಮಂದಿಯನ್ನು ತುಂಬಿಡುವವರನ್ನು ಕಣ್ಣಾರೆ ಕಂಡವಳು ನಾನು. ನಮ್ಮ ಮನೆಗೆ ಕಿಟಕಿಗಳಿದ್ದವು, ಬಚ್ಚಲುಗಳಿದ್ದವು. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಅಳತೆಯ ಪ್ರಕಾರ ಖೋಲಿಗೆ ಎರಡೇ ಹೊರಸು, ಹಾಗಾಗಿ ಎಂಟೇ ಹೆಸರು. ಇದ್ದವರು ಒಂಬತ್ತು ಮಂದಿ.

ಆಗ ನಾನು ಮಾಡಿದ ತಪ್ಪು ನಮ್ಮಂಥ ಮನೆಯವರು ಮಾತ್ರ ಮಾಡಬಹುದಾದದ್ದು. ಎಲ್ಲರ ಆಧಾರ್ ಕಾರ್ಡು ಕೇಳಿ ತೆಗೆದುಕೊಳ್ಳಲು ನಾನು ಹೋದದ್ದು ಸಂಜೆ ಏಳಕ್ಕೆ, ಎಲ್ಲರೂ ಎಚ್ಚರವಿರುವ ಹೊತ್ತಿಗೆ. ಕಾವಲಿನವರು ಅಷ್ಟರಲ್ಲಿ ಪಾಳಿಗೆ ಹೋಗಿಯಾಗಿತ್ತು. ಮರುದಿನ ಹಗಲು ಅವರನ್ನು ಎಬ್ಬಿಸಿ ಕೇಳಬೇಕಿತ್ತು. ಮಲಗಿದವರನ್ನು ಎಬ್ಬಿಸುವುದು ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಅವ್ವ ಮೂರನೇ ಖೋಲಿಯ ಹೊಸ್ತಿಲಿನ ಮುಂದೆ ಕುಳಿತು ಅವರೆಕಾಳು ಸುಲಿಯುತ್ತಿದ್ದಳು. ನನ್ನ ಕೈಯಲ್ಲಿ ಕಾಗದ ಕಂಡೊಡನೆ ತುಟಿಯ ಮೇಲೆ ಬೆರಳಿಟ್ಟಳು. ನಾನು ಹಿಂದಕ್ಕೆ ಬಂದೆ. ಬಂದು ಮೇಜಿನ ಮುಂದೆ ಕುಳಿತಾಗ ಎಂಟು ಝೆರಾಕ್ಸುಗಳು ಕಣ್ಣೆದುರಿಗಿದ್ದವು. ಎಂಟು ಸಾಲುಗಳೂ ಇದ್ದವು. ಅರ್ಜಿ ತಾನಾಗಿಯೇ ತುಂಬಿಬಿಟ್ಟಿತು.

ತಾನಾಗಿಯೇ ಎಂದು ಬರೆದೆ. ಅದು ಗುಮಾಸ್ತೆಯ ಭಾಷೆ. ತುಂಬಿದವಳು ನಾನು, ಮುಚ್ಚಳಿಕೆಗೆ ಸಹಿ ಹಾಕಿದವಳೂ ನಾನೇ. ಪಾಲಿಶಿನವರಿಗೆ ಮಾತ್ರ ಹೇಳಿದೆ: ನಿಮ್ಮ ಹೊರಸಿಗೆ ನಿಮ್ಮ ಹೆಸರು ಹಾಕಿದ್ದೇನೆ, ಕಾವಲಿನವರದನ್ನು ಹೇಗಾದರೂ ಸಂಭಾಳಿಸುತ್ತೇನೆ ಎಂದು. ಅವರು ತಲೆ ತಗ್ಗಿಸಿಕೊಂಡು ಹೋದರು. ಅವರ ಹುಬ್ಬಿನ ಮೇಲೆ ಕಲ್ಲಿನ ಪುಡಿ ಬೆಳ್ಳಗೆ ಕೂತಿತ್ತು.

ತಪಾಸಣೆಗೆ ಬಂದ ಸಾಹೇಬರು ಒಳ್ಳೆಯ ಮನುಷ್ಯ. ಬೆಳಗ್ಗೆ ಹನ್ನೊಂದಕ್ಕೆ ಅಳತೆಯ ಟೇಪು, ಕಾಗದ ಸಿಕ್ಕಿಸಿದ ಪ್ಯಾಡು ಹಿಡಿದು ಬಂದರು. ತಲಬಾಗಿಲಲ್ಲಿ ಅವ್ವ ಅವರನ್ನು ತಡೆದು, "ಶರಣ್ರಿ. ಬರ್ರಿ, ಕುಂದ್ರಿ. ಸಾವಕಾಶ ಮಾತಾಡ್ರಿ, ಒಳಗ ಮಂದಿ ಮಲಗ್ಯಾರ," ಎಂದಳು. ಸಾಹೇಬರು ಬೂಟು ಬಿಚ್ಚಿದರು. ಐದು ನಿಮಿಷದಲ್ಲಿ ಅವರೂ ಪಿಸುಗುಟ್ಟತೊಡಗಿದರು. ಟೇಪು ಸರ್ರನೆ ಒಳಗೆ ಸೇರುವಾಗ ಸದ್ದಾಗದಂತೆ ಬೆರಳಿನಿಂದ ಹಿಡಿದು ಬಿಡುತ್ತಿದ್ದರು. ಕಿಟಕಿ ಅಳೆದರು, ಬಾಗಿಲು ಅಳೆದರು, ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ನೋಡಿದರು. ಬಿಸಿಲು, ಪಿಸುಮಾತು, ಬರಿಗಾಲಲ್ಲಿ ತುದಿಗಾಲಿಟ್ಟು ನಡೆಯುವ ಸರ್ಕಾರ. ನನಗೆ ನಗು ಬರುವಂತಿತ್ತು. ಆಮೇಲೆ ಮೂರನೇ ಖೋಲಿಯ ಮುಂದೆ ಬಂದೆವು.

ಕಾವಲಿನವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಇವರು ಯಾರ್ರೀ ಮೇಡಂ?" ಸಾಹೇಬರು ಪಟ್ಟಿಯ ಮೇಲೆ ಪೆನ್ನಿಟ್ಟು ಪಿಸುಗುಟ್ಟಿದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೊರಸಿನಿಂದಲೇ ಉತ್ತರ ಬಂತು. ಕಾವಲಿನವರು ಈ ಕಡೆ ತಿರುಗದೆ, ನಿದ್ದೆಗಣ್ಣಿನವರ ದನಿಯಲ್ಲಿ, ಪಾಲಿಶಿನವರ ಹೆಸರನ್ನು ತಮ್ಮ ಹೆಸರೆಂದು ಹೇಳಿದರು. ಅಪ್ಪನ ಹೆಸರು, ಊರಿನ ಹೆಸರು ಸಮೇತ ಹೇಳಿದರು. ಸಾಹೇಬರು ಗುರುತು ಹಾಕಿಕೊಂಡು, "ಮಲಗ್ರಿ, ಮಲಗ್ರಿ," ಎಂದು ಹಿಂದಕ್ಕೆ ಸರಿದರು.

ಪಾಲಿಶಿನವರು ಹಿಂದಿನ ದಿನವೇ ಹಲಗೆಯ ಮೇಲೆ ಚೀಟಿ ಬರೆದಿಟ್ಟು ಎಲ್ಲವನ್ನೂ ತಿಳಿಸಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಕಾವಲಿನವರು ಮಲಗಿರಲಿಲ್ಲ. ಬೆಳಗಿನಿಂದ ಆ ಹೆಸರನ್ನು ಬಾಯಿಪಾಠ ಮಾಡುತ್ತ ಗೋಡೆ ನೋಡುತ್ತಿದ್ದರು.

ಪರವಾನಗಿ ಬಂತು. ಮೊಹರು ಬಿದ್ದ ಗಟ್ಟಿ ಕಾಗದ. ಅದಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದೆ. ಓಣಿಯಲ್ಲೇ ಮೊದಲನೆಯದು. ಅಕ್ಕಪಕ್ಕದವರು ಬಂದು ನೋಡಿ ಹೋದರು. ಅವ್ವ ಮಾತ್ರ ಅದರ ಕಡೆ ನೋಡಲೇ ಇಲ್ಲ.

ಒಂದು ವಾರ ಕಳೆದಿರಬಹುದು. ಕಾವಲಿನವರು ಮಧ್ಯಾಹ್ನವೇ ಎದ್ದು, ಮುಖ ತೊಳೆದು, ಅಂಗಳದಲ್ಲಿ ನಿಂತರು.

"ಅಕ್ಕಾ, ಶಹಾಬಾದ್‌ದಾಗ ಒಂದ್ ಜಾಗ ಸಿಕ್ಕದ್ರಿ. ನಾ ಅಲ್ಲಿಗಿ ಹೋಗ್ತೀನಿ."

"ಯಾಕ್ರಿ? ನಿಮಗ ಯಾರರೆ ಏನರೆ ಅಂದ್ರೇನು?"

"ಯಾರೂ ಅಂದಿಲ್ರಿ. ಸಾಹೇಬ್ರು ಮತ್ತೊಮ್ಮಿ ಬಂದ್ರ? ಆ ದಿನ ಇಬ್ರೂ ಮನ್ಯಾಗೇ ಇದ್ರ? ನನ್ ಸಲುವಾಗಿ ಈ ಮನಿಗಿ ಬಾಧಿ ಬರಬಾರದ್ರಿ." ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು: "ಆ ಮನಿ ಮಾಲಕರಿಗೂ ಲೈಸೆನ್ಸ್ ಬೇಕಲ್ರಿ. ಹಳೇ ಮನಿಯಿಂದ ಚೀಟಿ ತರ್ರಿ ಅಂತಾರ. ಹನ್ನೊಂದ್ ವರ್ಷ ಇಲ್ಲಿ ಇದ್ದ, ಛಂದಾಗಿ ಇದ್ದ ಅಂತ ಎರಡ್ ಸಾಲ ಬರ್ದು ಕೊಡ್ರಿ. ಅಷ್ಟೇ ಸಾಕು."

ಎರಡು ಸಾಲು. ಜನ್ಮವಿಡೀ ಕಾಗದ ಬರೆದವಳಿಗೆ ಎರಡು ಸಾಲು ಯಾವ ಲೆಕ್ಕ? ಆದರೆ ಗೋಡೆಯ ಮೇಲಿದ್ದ ಕಾಗದ ಅವರು ಇಲ್ಲಿ ಎಂದೂ ಇರಲೇ ಇಲ್ಲ ಎನ್ನುತ್ತಿತ್ತು. ಅದರ ಹಿಂದೆ ಇದ್ದದ್ದು ನನ್ನ ಸಹಿಯ ಮುಚ್ಚಳಿಕೆ. ಈ ಎರಡು ಸಾಲು ಬರೆದರೆ ಆ ಸಹಿ ಸುಳ್ಳಾಗುತ್ತದೆ, ಪರವಾನಗಿ ಹೋಗುತ್ತದೆ, ಉಳಿದ ಎಂಟು ಮಂದಿಯ ಹೊರಸಿಗೂ ಕುತ್ತು ಬರುತ್ತದೆ. ಬರೆಯದಿದ್ದರೆ ಈ ಮನುಷ್ಯನಿಗೆ ತಲೆಯಿಡಲು ಜಾಗವಿಲ್ಲ. ನನಗೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಿದ್ದ ಸಿಟ್ಟು ದಾರಿ ತಪ್ಪಿ ಅವರ ಮೇಲೆ ಹೋಯಿತು.

"ಒಂದ್ ಮಾತ್ ಮೊದಲೇ ಹೇಳಬಾರದೇನ್ರಿ? ಹಿಂಗ ನಿಂತ ಕಾಲ್ ಮ್ಯಾಲ ಕೇಳಿದ್ರ ಹೆಂಗ? ನಾಳಿ ನೋಡೋಣ," ಎಂದು ಒಳಗೆ ಬಂದೆ. ಅವರು "ಆಯ್ತ್ರೀ ಅಕ್ಕಾ" ಎಂದದ್ದು ಬೆನ್ನಿಗೆ ಕೇಳಿಸಿತು. ಇಂದಿಗೂ ನನಗೆ ಅತ್ಯಂತ ನಾಚಿಕೆ ತರುವ ಗಳಿಗೆ ಅದು.

ಮೇಜಿನ ಮುಂದೆ ಕುಳಿತು ಬರೆಯಲು ನೋಡಿದೆ. ಗುಮಾಸ್ತೆಯ ಬುದ್ಧಿ ಸುಮ್ಮನಿರುತ್ತದೆಯೇ? "ಇವರು ನಮಗೆ ಪರಿಚಿತರು" ಎಂದು ಬರೆದೆ. ಹೊಡೆದುಹಾಕಿದೆ. "ಆಗಾಗ ಬಂದು ಹೋಗುತ್ತಿದ್ದರು" ಎಂದು ಬರೆದೆ. ಅದನ್ನು ಓದಿ ನನಗೇ ಹೇಸಿಗೆಯಾಯಿತು. ಅವ್ವ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. ಹಣೆಯ ಮೇಲಿನ ವಿಭೂತಿ ಬೆವರಿಗೆ ಅರ್ಧ ಕರಗಿತ್ತು.

"ಏನ್ ಬರೀಲಿಕತ್ತಿ?"

"ಅದೇ ತಿಳೀವಲ್ದು ನೋಡವ್ವಾ."

"ತಿಳೀಲಾರದ್ದು ಏನದ ಅದ್ರಾಗ? ಹನ್ನೊಂದ್ ವರ್ಷ ಆ ಮನಷ್ಯಾ ನಮ್ಮನ್ನ ನಂಬಿ ಕಣ್ ಮುಚ್ಯಾನ. ಇದ್ದಿಲ್ಲ ಅಂತ ಹೆಂಗ ಬರೀತಿ?"

ಎಂಬತ್ತು ದಾಟಿದ ಅವ್ವನಿಗೆ ಅಕ್ಷರ ಬರುವುದಿಲ್ಲ. ನನ್ನ ಅರ್ಜಿಯನ್ನು ಅವಳಷ್ಟು ಸರಿಯಾಗಿ ಓದಿದವರು ಇನ್ನೊಬ್ಬರಿಲ್ಲ.

ಮರುದಿನ ಚೌಕಟ್ಟು ಬಿಚ್ಚಿ, ಪರವಾನಗಿಯನ್ನು ಕೈಚೀಲದಲ್ಲಿಟ್ಟುಕೊಂಡು ಪುರಸಭೆಯ ಕಚೇರಿಗೆ ಹೋದೆ. ಮೇಜಿನ ಈಚೆ ಬದಿಗೆ ನಿಂತು ಗೊತ್ತಿರಲಿಲ್ಲ ನನಗೆ. ಸಾಹೇಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಒಂದು ಹೊರಸು, ಹಗಲು ಒಬ್ಬರು, ರಾತ್ರಿ ಒಬ್ಬರು, ನೀವು ಕಂಡದ್ದು ಪಟ್ಟಿಯಲ್ಲಿ ಇಲ್ಲದವರನ್ನು. ಅವರ ಮುಖ ಕೆಂಪಾಯಿತು. ನಮ್ಮ ಮನೆಯಲ್ಲಿ ತಗ್ಗಿಸಿದ ದನಿಯನ್ನೆಲ್ಲ ಅವತ್ತು ಅಲ್ಲಿ ಏರಿಸಿದರು.

"ನಿಮ್ಮ ಮಾತ್ ನಂಬಿ ನಾ ಸಹಿ ಮಾಡೀನಲ್ರಿ! ನೌಕರಿ ಮಾಡಿದವ್ರು ನೀವು. ನಿಮಗ ತಿಳೀಬಾರದಾ?"

ಅವರು ಅಂದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಲೆ ತಗ್ಗಿಸಿ ಕೇಳಿದೆ. ಕೊನೆಗೆ ಅವರು ಕಾಗದವನ್ನು ತೆಗೆದಿಟ್ಟುಕೊಂಡು ಹೊಸ ಅರ್ಜಿಯೊಂದನ್ನು ನನ್ನ ಕಡೆ ತಳ್ಳಿದರು. ಎಂಟೇ ಸಾಲು. ಈ ಸಲ ನಿಜವಾದ ಎಂಟು, ಬಿಟ್ಟು ಹೋಗುವವರ ಹೆಸರು ಮುಚ್ಚಳಿಕೆಯಲ್ಲಿ ಬೇರೆಯಾಗಿ. ಹದಿನೈದು ದಿನದಲ್ಲಿ ಕೊಡದಿದ್ದರೆ ಖೋಲಿಗಳಿಗೆ ಬೀಗ ಎಂದರು.

ಆ ಭಾನುವಾರ ಮೂರನೇ ಖೋಲಿಯ ಮೂಲೆಯ ಹೊರಸಿನ ಮೇಲೆ ಅವರಿಬ್ಬರೂ ಒಟ್ಟಿಗೆ ಕುಳಿತಿದ್ದನ್ನು ಮೊದಲ ಸಲ ನೋಡಿದೆ. ಹೊರಸು ಅವರ ಭಾರಕ್ಕೆ ನಡುವೆ ಜಗ್ಗಿತ್ತು. ಯಾವ ಕಡೆ ಯಾರು ಕೂರಬೇಕು ಎಂಬುದೇ ಅವರಿಗೆ ತಿಳಿಯದೆ ಇಬ್ಬರೂ ಅಂಚಿಗೆ ಸರಿದು ಕುಳಿತಿದ್ದರು. ಬಾಗಿಲ ಬಿಸಿಲು ಅವರ ಪಾದಗಳ ತನಕ ಬಂದು ನಿಂತಿತ್ತು. ನಾನು ಅರ್ಜಿ ಹಿಡಿದು ನಿಂತೆ.

"ಅಣ್ಣನ ಹೆಸರು ಬರೀರಿ ಅಕ್ಕಾ," ಎಂದರು ಪಾಲಿಶಿನವರು. "ನಂದು ಕೆಲಸ ಶಹಾಬಾದ್‌ದಾಗೇ ಅದಲ್ರಿ. ಅಣ್ಣ ನೋಡಿದ ಜಾಗಕ್ಕ ನಾ ಹೋಗ್ತೀನಿ. ರೈಲಿನ ತ್ರಾಸರೆ ತಪ್ತದ."

ಕಾವಲಿನವರು ಬೇಡ ಬೇಡ ಎಂದು ತಲೆಯಾಡಿಸಿದರು. ಅವರ ಮಾತು ನಡೆಯಲಿಲ್ಲ. ಪಾಲಿಶಿನವರಿಗೆ ಹೊಸ ಮನೆಗೆಂದು ನಾನು ಚೀಟಿ ಬರೆದುಕೊಟ್ಟೆ. ಎರಡು ಸಾಲಿಗೆ ನಿಲ್ಲಲಿಲ್ಲ, ಒಂದು ಪುಟ ತುಂಬಿತು. ಹೊಸ ಅರ್ಜಿಯಲ್ಲಿ ಕಾವಲಿನವರ ಹೆಸರು, ಅಪ್ಪನ ಹೆಸರು, ಐನಾಪುರ ಎಂದು ಬರೆದು ಓದಿ ಹೇಳಿದೆ. ಅವರು ಇನ್ನೊಮ್ಮೆ ಓದಿಸಿಕೊಂಡರು. ತಿಂಗಳೊಳಗೆ ಪರವಾನಗಿ ಮತ್ತೆ ಬಂತು. ಈ ಸಲ ಚೌಕಟ್ಟು ಹಾಕಿಸಲಿಲ್ಲ, ಕಪಾಟಿನಲ್ಲಿಟ್ಟೆ.

ಈಗ ನಮ್ಮ ಮನೆಯಲ್ಲಿ ಒಬ್ಬರಿಗೆ ಒಂದು ಹೊರಸು. ರಾತ್ರಿ ಮೂರನೇ ಖೋಲಿಯ ಮೂಲೆ ಖಾಲಿ ಇರುತ್ತದೆ. ನಿಯಮದ ಪ್ರಕಾರ ಅದು ಸರಿ. ಯಾರು ಕೇಳಿದರೂ ನಾನು ಸರಿ ಎಂದೇ ಹೇಳುತ್ತೇನೆ.

ಮೊನ್ನೆ ಹತ್ತು ಗಂಟೆಗೆ ಅಂಗಳಕ್ಕೆ ಬಂದಾಗ ಕಾವಲಿನವರು ಬೇವಿನ ಕಟ್ಟೆಯ ಮೇಲೆ ಕುಳಿತಿದ್ದರು. ಆ ಹೊತ್ತಿಗೆ ಅವರ ನಿದ್ದೆ ಎರಡು ತಾಸು ಆಗಿರಬೇಕಿತ್ತು. ಕಣ್ಣುಗಳು ಕೆಂಪಾಗಿದ್ದವು.

"ಯಾಕ್ರಿ, ಮಲಗಿಲ್ಲ?" ಎಂದೆ.

"ಮಲಗಿದ್ದೆ ಅಕ್ಕಾ. ನಿದ್ದಿ ಹತ್ತವಲ್ದು." ಅವರು ನನ್ನ ಕಡೆ ನೋಡಲಿಲ್ಲ. ಹೇಳಲು ನಾಚಿಕೊಂಡಂತೆ ಅಂಗೈಯನ್ನು ತೊಡೆಗೆ ತಿಕ್ಕಿಕೊಂಡರು. "ಮುಂಜಾನಿ ನಾ ಬರೋ ಹೊತ್ತಿಗಿ ಗಾದಿ ಬೆಚ್ಚಗಿರ್ತಿತ್ರಿ. ಅಂವ ಆಗಷ್ಟೇ ಎದ್ದು ಹೋಗಿರ್ತಿದ್ದ. ಅದ್ರ ಮ್ಯಾಲ ಬಿದ್ರ ಸಾಕು, ನಿದ್ದಿ ಬಂದೇ ಬಿಡ್ತಿತ್ತು. ಅದು ಅವನ್ ಬಿಸಿ ಅಂತ ನನಗ ಗೊತ್ತೇ ಇರಲಿಲ್ರಿ. ಈಗ ಬಂದು ಕೈ ಇಟ್ರ, ಇಷ್ಟು ಬ್ಯಾಸಿಗ್ಯಾಗೂ ತಣ್ಣಗ ಹತ್ತತದ."